ಮಡಕೆ ಚೂರಿನ ಬಣ್ಣ ನಂಬಬೇಡಿ

ಉತ್ಖನನದ ಮಡಕೆ ಚೂರು ವಿಂಗಡಿಸಲು ಹೊಸದಾಗಿ ಕೂತವರು ಮೊದಲು ಮಾಡುವುದೇ ಕೆಂಪಿನದೊಂದು ಗುಡ್ಡೆ, ಕಪ್ಪಿನದೊಂದು ಗುಡ್ಡೆ. ನನ್ನ ಮಟ್ಟಿಗೆ ಇದರಷ್ಟು ದಾರಿ ತಪ್ಪಿಸುವ ಅಭ್ಯಾಸ ಇನ್ನೊಂದಿಲ್ಲ. ಕಬ್ಬಿಣದಂಶವಿರುವ ಮಣ್ಣು ಆವಿಗೆಯಲ್ಲಿ ಗಾಳಿ ಆಡಿದ ಕಡೆ ಕೆಂಪಗಾಗುತ್ತದೆ, ಹೊಗೆ ಕಟ್ಟಿದ ಕಡೆ ಕಪ್ಪಗಾಗುತ್ತದೆ. ಕಪ್ಪು-ಕೆಂಪು ಮಡಕೆಯಲ್ಲಂತೂ ಒಳಮೈ, ಬಾಯಿ ಕಪ್ಪು. ಹೊರಗೆ ಕೆಳಭಾಗ ಕೆಂಪು. ಒಂದೇ ಬಟ್ಟಲಿನ ಬಾಯಂಚು ಒಂದು ಗುಡ್ಡೆಗೆ, ತಳ ಇನ್ನೊಂದಕ್ಕೆ ಹೋದರೆ ಇಲ್ಲದ ಎರಡು ಬಗೆ ಹುಟ್ಟಿಕೊಳ್ಳುತ್ತವೆ.

ಮೊದಲು ನೋಡಬೇಕಾದ್ದು ಮುರಿತವನ್ನು. ಹಳೆಯ ಮುರಿತಕ್ಕೆ ಮಣ್ಣು ಮೆತ್ತಿರುತ್ತದೆ. ಹಾಗಾಗಿ ಇಕ್ಕಳದಿಂದ ಒಂದು ಮೂಲೆಯಲ್ಲಿ ಸಣ್ಣ ಚಕ್ಕೆ ಮುರಿದು (ಬಾಯಂಚು, ಚಿತ್ತಾರ ಇರುವ ಕಡೆ ಬೇಡ) 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ತೆಳು ಹಾಳೆಯಂತೆ ಮಿನುಗಿದರೆ ಅಭ್ರಕ. ಉದ್ದುದ್ದ ಟೊಳ್ಳುಗಳಿದ್ದರೆ ಹೊಟ್ಟು ಬೆರೆಸಿದ್ದರು, ಅದು ಸುಟ್ಟು ಜಾಗ ಮಾತ್ರ ಉಳಿದಿದೆ. ಮೊನೆಮೊನೆಯಾದ ಸುಟ್ಟ ಮಣ್ಣಿನ ತುಣುಕುಗಳಿದ್ದರೆ ಹಳೇ ಮಡಕೆ ಕುಟ್ಟಿ ಸೇರಿಸಿರಬಹುದು. ನಡುವೆ ಕಪ್ಪು ಪಟ್ಟಿ ಇದೆಯೇ? ಬಹುಮಟ್ಟಿಗೆ ಅದು ಒಳಗಿನ ಸಾವಯವ ಅಂಶ ಪೂರ್ತಿ ಉರಿಯುವಷ್ಟು ಬೆಂದಿಲ್ಲದ ಗುರುತು. ಅದೊಂದಕ್ಕೇ ಬೇರೆ ಗುಡ್ಡೆ ಹಾಕಬೇಡಿ.

ತೊಳೆಯುವಾಗ ಒಂದು ಚೀಲಕ್ಕೆ ಒಂದೇ ಬೋಗುಣಿ, ಯಾವ ಪದರದಲ್ಲಿ ಸಿಕ್ಕಿತೆಂದು ಬರೆದ ಚೀಟಿಯೂ ಜೊತೆಗೇ. ಒಳಗೆ ಕರಕಲು ಅಂಟಿದ ಚೂರನ್ನು ತೊಳೆಯದೆ ಎತ್ತಿಡಿ. ಚೀಟಿ ಕಳೆದರೆ ಮುಗಿಯಿತು: 1899ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಈಜಿಪ್ಟಿನ ಗೋರಿಗಳನ್ನು ಕಾಲದ ಹಿಂದು-ಮುಂದಿನ ಸಾಲಿನಲ್ಲಿ ಜೋಡಿಸಿ ತೋರಿಸಿದ್ದು ಯಾವ ಮಡಕೆ ಯಾವ ಗೋರಿಯದು ಎಂಬ ಲೆಕ್ಕ ಕೈಯಲ್ಲಿದ್ದುದರಿಂದಲೇ.

ಬಾಯಂಚಿಗೆ ಮಾತ್ರ ಹೊತ್ತು ಕೊಡಿ. ಅದನ್ನು ಮಗುಚಿ ಸಮತಟ್ಟು ಹಲಗೆಯ ಮೇಲಿಟ್ಟು, ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದು, ಮೆಲ್ಲಗೆ ಹಿಂದೆ ಮುಂದೆ ವಾಲಿಸಿ. ಅಂಚಿನಡಿ ಬೆಳಕು ನುಸುಳುವುದು ಎಲ್ಲಿ ಪೂರ್ತಿ ನಿಲ್ಲುತ್ತದೋ ಅದೇ ಮಡಕೆಯ ನಿಜವಾದ ಓರೆ. ಅಂದಾಜಿಗೆ ಚಿತ್ರ ಬರೆದರೆ ಬಟ್ಟಲು ತಟ್ಟೆಯಾಗುತ್ತದೆ. ಆಮೇಲೆ ಒಂದರೊಳಗೊಂದು ವೃತ್ತ ಬರೆದ ಅಳತೆ ಹಾಳೆಯ ಮೇಲಿಟ್ಟು ವ್ಯಾಸ ನೋಡಿ. ಇಡೀ ಸುತ್ತಿನ ಶೇ. 5ರಷ್ಟೂ ಉಳಿದಿಲ್ಲವಾದರೆ ‘ವ್ಯಾಸ ತಿಳಿಯದು’ ಎಂದು ಬರೆಯುವುದೇ ಮರ್ಯಾದೆ.

ಎಣಿಕೆಯೂ ಬೇಕು, ತೂಕವೂ ಬೇಕು. ತೆಳು ಬಟ್ಟಲೊಂದು ಹತ್ತಾರು ಚೂರಾಗಿ ಎಣಿಕೆ ಉಬ್ಬಿಸುತ್ತದೆ. ಗುಡಾಣದ ಎರಡೇ ಚೂರು ತೂಕವನ್ನೆಲ್ಲ ನುಂಗುತ್ತವೆ. ಎಲ್ಲೂ ಸೇರದ ಚೂರುಗಳಿಗೂ ಒಂದು ಗುಡ್ಡೆ ಇರಲಿ. ಸಂಜೆಗೆ ಅದು ಖಾಲಿ ಇದ್ದರೆ ಉಳಿದ ಗುಡ್ಡೆಗಳನ್ನು ಇನ್ನೊಮ್ಮೆ ಕೆದಕಿ ನೋಡಿ, ಎಲ್ಲೋ ತುರುಕಿರುತ್ತೀರಿ.