ಗ್ಯಾಸ್ ‘ತೀರ್ನ್ನು’ ಅಂತೆ!

ಕಾರಿನ ಎಸಿ ರಿಪೇರಿಯವನದ್ದು ಮೂರನೇ ಸಲವೂ ಅದೇ ಮಾತು. ಬಾನೆಟ್ ಎತ್ತಿದ, ಗೇಜ್ ಸಿಕ್ಕಿಸಿದ, ಮುಳ್ಳು ನೋಡಿದ. ‘ಗ್ಯಾಸ್ ತೀರ್ನ್ನು ಏಟ್ಟಾ’ ಅಂದ. ಮಲಯಾಳದಲ್ಲಿ, ಗ್ಯಾಸ್ ಮುಗಿಯಿತು ಅಣ್ಣಾ ಅಂತ. ಹೇಗೆ ಮುಗಿಯುತ್ತದೆ ಮಾರಾಯಾ? ಅದೇನು ಪೆಟ್ರೋಲಾ, ಉರಿದು ಹೋಗಲಿಕ್ಕೆ? ಕಾರಿನ ಎಸಿಯಲ್ಲಿ ಗ್ಯಾಸ್ ಸುಮ್ನೆ ಸುತ್ತುತ್ತಾ ಇರುತ್ತದೆ. ಗ್ಯಾಸನ್ನು ಒತ್ತುವ ಕಂಪ್ರೆಸರ್, ಅದರ ಬಿಸಿ ಹೊರಬಿಡುವ ಕಂಡೆನ್ಸರ್, ಒತ್ತಡ ಇಳಿಸುವ ಎಕ್ಸ್‌ಪಾನ್ಶನ್ ವಾಲ್ವ್, ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್, ಪುನಃ ಕಂಪ್ರೆಸರ್. ರಬ್ಬರ್ ಪೈಪಿನಿಂದ ವರ್ಷಕ್ಕೆ ಚೂರುಪಾರು ಹೋಗುತ್ತದೆ, ಒಪ್ಪಿದೆ. ಎರಡೇ ತಿಂಗಳಲ್ಲಿ ಖಾಲಿ ಆದರೆ ಎಲ್ಲೋ ಲೀಕ್ ಇದೆ ಅಂತಲೇ ಅಲ್ವಾ?

ಅದನ್ನು ಹುಡುಕುವುದಿಲ್ಲ. ಗ್ಯಾಸ್ ತುಂಬಿಸು, 1800 ರೂಪಾಯಿ ತೆಗೆದುಕೋ, ಕಳುಹಿಸು. ಫೆಬ್ರವರಿಯಲ್ಲಿ ಒಂದು ಸಲ, ಎಪ್ರಿಲ್‌ನಲ್ಲಿ ಇನ್ನೊಂದು ಸಲ, ಮೇ ತಿಂಗಳಲ್ಲಿ ಮತ್ತೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ ನನಗೆ ಗೊತ್ತಿರುವ ಎಸಿ ಕೆಲಸದವನು ಇವನೊಬ್ಬನೇ.

ಮೇ ತಿಂಗಳಲ್ಲಿ ಅಮ್ಮನನ್ನು ಮಂಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ಕುಂಬಳೆ ದಾಟುವಷ್ಟರಲ್ಲಿ ಎಸಿ ಬಿಸಿ ಗಾಳಿ ಉಗುಳತೊಡಗಿತು. ಕಿಟಕಿ ಏರಿಸಿದರೆ ಅಟ್ಟಿನಳಗೆಯ ಕಡುಬಿನ ಹಾಗೆ ಬೇಯಬೇಕು. ಇಳಿಸಿದರೆ ಹೆದ್ದಾರಿ 66ರ ಕೆಲಸದ ಧೂಳು. ತಲಪಾಡಿ ಬರುವಾಗ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ‘ಬಸ್ಸಲ್ಲೇ ಬರಬಹುದಿತ್ತು ಮಗಾ’ ಅಂದರು. ಅಷ್ಟೇ ಅಂದದ್ದು. ನನಗೆ ಅಷ್ಟೇ ಸಾಕಾಯ್ತು.

ಮೂರನೇ ಸಲ ತುಂಬಿಸಿ ಬಂದ ಮರುದಿನ ಅಂಗಳದಲ್ಲೇ ಟಾರ್ಚ್ ಹಿಡಿದು ಕೂತೆ. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತದೆ. ಗ್ಯಾಸ್ ಸೋರುವಲ್ಲಿ ಎಣ್ಣೆಯೂ ಜಿನುಗುತ್ತದೆ. ಆ ಎಣ್ಣೆಗೆ ಹೆದ್ದಾರಿಯ ಧೂಳು ಅಂಟಿ, ಕಂಡೆನ್ಸರಿಗೆ ಪೈಪ್ ಸೇರುವ ಜಾಗದಲ್ಲಿ ನಾಣ್ಯದಷ್ಟು ಅಗಲದ ಕಪ್ಪು ಜಿಡ್ಡು! ಬಾನೆಟ್ ಎತ್ತಿ ಬಗ್ಗಿದರೆ ಕಾಣುತ್ತದೆ. ಬಗ್ಗಬೇಕಲ್ಲ.

ಒರೆಸಿ, ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಶ್ಶಿನಲ್ಲಿ ಬಳಿದೆ. ಇಂಜಿನ್ ಆಫ್ ಇದ್ದರೂ ಪೈಪಿನಲ್ಲಿ ಒತ್ತಡ ಇರುತ್ತದೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಸಬ್ಬಕ್ಕಿ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ಉಬ್ಬಿತು, ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು. ನೆರೆಮನೆಯ ಭಾವನನ್ನು ಕರೆದು ತೋರಿಸಿದೆ. ‘ನನ್ನ ಮದ್ದು ಬಿಡುವ ಪಂಪಿನಲ್ಲೂ ವಾಶರ್ ಹೋದರೆ ಹೀಗೇ’ ಅಂದ. ಅಡಿಕೆಗೆ ಮದ್ದು ಬಿಡುವವನಿಗೆ ಒಂದೇ ನೋಟಕ್ಕೆ ಗೊತ್ತಾಯ್ತು!

(ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕುವುದನ್ನು ನೋಡಿ ‘ನಿಮ್ಮ ಎಸಿ ಲೀಕ್’ ಅನ್ನುವವರಿಗೆ: ಅದು ತಣ್ಣನೆ ಕಾಯಿಲಿಗೆ ತಾಗಿ ಇಳಿದ ಗಾಳಿಯ ಪಸೆ. ಅದು ಬೀಳಲೇಬೇಕು. ಕಾಲಡಿಯ ಮ್ಯಾಟ್ ಒದ್ದೆಯಾದರೆ ಮಾತ್ರ ಡ್ರೈನ್ ಪೈಪ್ ಕಟ್ಟಿದೆಯಾ ನೋಡಿ.)

ಗುಳ್ಳೆ ಎದ್ದ ಜಾಗವನ್ನು ಅಲ್ಲೇ ಬಿಚ್ಚಲಿಲ್ಲ. ಒಳಗಿರುವ ಎಸಿ ಗ್ಯಾಸ್, ಆರ್-134ಎ, ಮೈನಸ್ 26 ಡಿಗ್ರಿಯಲ್ಲಿ ಕುದಿಯುವ ವಸ್ತು. ಕೈಗೋ ಕಣ್ಣಿಗೋ ಸಿಡಿದರೆ ಮುಗೀತು. ಗಾಳಿಗೆ ಬಿಡಲೂಬಾರದು, ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಹಾಗಾಗಿ ಮರ್ಯಾದೆಯಿಂದ ಅವನಲ್ಲಿಗೇ ಹೋಗಿ, ಗ್ಯಾಸ್ ಮೆಶಿನ್‌ಗೆ ಎಳೆದುಕೊಡು ಅಂದೆ. ಮೆಶಿನ್ ಇದೆ! ಮೂಲೆಯಲ್ಲಿ ನಿಂತಿದೆ, ಮೇಲೆ ಒಂದು ಅಂಗಿ ನೇತಾಡುತ್ತಿದೆ. ಇವನು ಸ್ಕ್ರೂಡ್ರೈವರ್ ತಂದು ಗ್ಯಾಸ್ ತುಂಬಿಸುವ ಪೋರ್ಟಿನ ಪಿನ್ ಒತ್ತಿಯೇಬಿಟ್ಟ. ಸುಯ್ಯ್! ನನ್ನ 1800 ರೂಪಾಯಿ ಬಿಳಿ ಹೊಗೆಯಾಗಿ ಶೆಡ್ಡಿನ ಪಕ್ಕದ ಕೆಸುವಿನ ಗಿಡಗಳ ಮೇಲೆ ಹೋಯ್ತು.

ಜಿಡ್ಡು ಇದ್ದ ಜಾಗ ತೋರಿಸಿದರೆ, ‘ಅದು ಎಣ್ಣೆ, ಎಂತ ಇಲ್ಲ’ ಅಂದ.

ಪೈಪ್ ಸೇರುವಲ್ಲಿ ಸೋರದ ಹಾಗೆ ಕೂರಿಸುವ ರಬ್ಬರ್ ರಿಂಗ್ ಬದಲಿಸುವುದು ನನ್ನ ಪಾಲಿಗೇ ಬಂತು. ಸ್ಪೇರ್ ಪಾರ್ಟ್ಸ್ ಅಂಗಡಿಯವನು ನಲ್ಲಿಗೆ ಹಾಕುವಂಥ ಕಪ್ಪು ರಬ್ಬರ್ ಉಂಗುರ ಕೊಟ್ಟ. ವಾಪಸ್ ಕೊಟ್ಟೆ. ಎಸಿಗೇ ಅಂತ ಬರುವ ಹಸಿರು ಓ-ರಿಂಗ್ ಮಂಗಳೂರಿನಲ್ಲಿ ಸಿಕ್ಕಿತು, 30 ರೂಪಾಯಿ. ಹಳೆಯದು ಒಂದು ಬದಿ ಚಪ್ಪಟೆಯಾಗಿ, ಉಗುರು ಒತ್ತಿದರೆ ಬಳೆಯ ಹಾಗೆ ಚೂರಾಯ್ತು. ಕೂರುವ ಜಾಗ ಒರೆಸಿ, ಹೊಸದಕ್ಕೆ ಕಂಪ್ರೆಸರ್ ಎಣ್ಣೆ ಸವರಿ, ಬಿಗಿ ಮಾಡಿದೆ. ಇಪ್ಪತ್ತು ನಿಮಿಷದ ಕೆಲಸ.

ವ್ಯಾಕ್ಯೂಮ್ ಪಂಪ್ ನನ್ನಲ್ಲಿಲ್ಲ. ಪುನಃ ಅದೇ ಶೆಡ್. ಪೈಪಿನ ಒಳಗೆ ಸೇರಿದ ಗಾಳಿ, ಪಸೆ ಎಲ್ಲ ಹೋಗಬೇಕಾದರೆ ಅರ್ಧ ಗಂಟೆಯಾದರೂ ಎಳೆಯಬೇಕು, ಆಮೇಲೆ ಪಂಪ್ ನಿಲ್ಲಿಸಿ ಗೇಜಿನ ಮುಳ್ಳು ಏರುತ್ತದಾ ನೋಡಬೇಕು, ಏರಿದರೆ ಲೀಕ್ ಇನ್ನೂ ಇದೆ ಅಂತ. ಇವನು ಐದು ನಿಮಿಷಕ್ಕೆ ಗ್ಯಾಸಿನ ಸಿಲಿಂಡರಿಗೆ ಕೈ ಹಾಕಿದ. ‘ಅರ್ಧ ಗಂಟೆ ಬಿಡು’ ಅಂದೆ. ಮದುವೆ ಊಟಕ್ಕೆ ಬಂದವನು ಸಾರಿಗೆ ಉಪ್ಪಿಲ್ಲ ಅಂದ ಹಾಗೆ ನೋಡಿದ. ನಾನು ಹಳೇ ಟಯರಿನ ಮೇಲೆ ಕೂತು ಗಡಿಯಾರ ನೋಡಿದೆ. ಅವನು ಚಾ ಕುಡಿದು ಬಂದ. ಮುಳ್ಳು ಅಲ್ಲಾಡಿರಲಿಲ್ಲ.

ಗ್ಯಾಸ್ ಎಷ್ಟು ಹಾಕಬೇಕು ಅಂತ ಬಾನೆಟ್ ಅಡಿಯ ಸ್ಟಿಕ್ಕರಿನಲ್ಲಿ ಗ್ರಾಮ್ ಲೆಕ್ಕದಲ್ಲಿ ಇದೆ. ಅವನದ್ದು ಪೈಪ್ ಮುಟ್ಟಿ ನೋಡುವ ಲೆಕ್ಕ. ಜಗಳ ಮಾಡಿ ತಕ್ಕಡಿ ಇಡಿಸಿದೆ.

ಎರಡು ತಿಂಗಳು ಕಳೆಯಿತು, ಎಸಿ ತಣ್ಣಗಿದೆ. ನಾಲ್ಕು ಸಲದ್ದು ಸೇರಿ 7200 ರೂಪಾಯಿ, 30 ರೂಪಾಯಿಯ ಉಂಗುರಕ್ಕಾಗಿ. ಬಿಲ್ಲಿನಲ್ಲಿ ಬರೆದದ್ದು ‘ಗ್ಯಾಸ್ ಟಾಪ್‌ಅಪ್’. ಅಂದು ದುಡ್ಡು ಕೊಟ್ಟು ನಾನು ಹೊರಡುವಾಗ ಅವನು ನಗುತ್ತಾ ಹೇಳಿದ: ‘ತೀರಿದ್ರೆ ಪುನಃ ಬನ್ನಿ ಏಟ್ಟಾ.’