ಸಂಜೆಗೆ ಕಳೆಯುವ ಮೈಲಿಗೆ

ನಿನ್ನೆ ಒಂದು ವಿಚಾರ ಸಂಕಿರಣದಲ್ಲಿ ಕೇಳಿದ ಮಾತು ಇನ್ನೂ ತಲೆ ಕೊರೆಯುತ್ತಿದೆ. "ಮಡಿ ಮೈಲಿಗೆ ನಮ್ಮಲ್ಲಿ ಮಾತ್ರ ಇತ್ತಾ? ಯೆಹೂದ್ಯರ ಗ್ರಂಥ ತೆಗೆದು ನೋಡಿ, ಅಲ್ಲೂ ಮುಟ್ಟಬಾರದವರಿದ್ದರು" ಅಂದರು ಭಾಷಣಕಾರರು. ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲಾ ಉರಿಯಿತು. ಆ ಗ್ರಂಥದಲ್ಲಿ ಮಡಿ ಮೈಲಿಗೆಯ ನಿಯಮಗಳಿರುವ ಭಾಗ ಯಾಜಕಕಾಂಡ, ಅದನ್ನು ನಾನು ತುಂಬಾ ಹಚ್ಚಿಕೊಂಡು ಓದುತ್ತೇನೆ. ಅದನ್ನೇ ಅಸ್ಪೃಶ್ಯತೆಗೆ ಸಾಕ್ಷಿಯಾಗಿ ಎಳೆದು ತಂದರೆ ಸುಮ್ನೆ ಕೂರುವುದು ಹೇಗೆ?

ಹೌದು, 11ರಿಂದ 15ನೇ ಅಧ್ಯಾಯದ ತನಕ ಅಲ್ಲಿ ಮೈಲಿಗೆಯದೇ ಮಾತು. ಆದರೆ ಯಾರಿಗೆ, ಎಷ್ಟು ಹೊತ್ತು ಅಂತ ನೋಡಬೇಕಲ್ವಾ? ಪ್ರಾಣಿಯ ಹೆಣ ಮುಟ್ಟಿದರೆ ಸಂಜೆಯ ತನಕ. ಗಂಡ ಹೆಂಡತಿ ಕೂಡಿದರೆ ಇಬ್ಬರಿಗೂ ಸ್ನಾನ, ಸಂಜೆಯ ತನಕ ಮೈಲಿಗೆ. ಮುಟ್ಟಾದರೆ 7 ದಿನ. ಮನುಷ್ಯರ ಹೆಣ ಮುಟ್ಟಿದರೂ 7 ದಿನ; ಈ ನಿಯಮ ಇರುವುದು ಅದೇ ಗ್ರಂಥದ ಇನ್ನೊಂದು ಭಾಗವಾದ ಅರಣ್ಯಕಾಂಡದಲ್ಲಿ (ರಾಮಾಯಣದ್ದಲ್ಲ). ಆಗ 3ನೇ ದಿನ ಮತ್ತು 7ನೇ ದಿನ, ಕೆಂದಾಕಳನ್ನು ಸುಟ್ಟ ಬೂದಿ ಕಲಸಿದ ನೀರನ್ನು ಹಿಸ್ಸೋಪ್ ಗಿಡದ ಕಡ್ಡಿಗಳಿಂದ ಚಿಮುಕಿಸುತ್ತಿದ್ದರು. ಆ ಬೂದಿಯ ಕೆಲಸಕ್ಕೆ ನಿಂತ ಯಾಜಕನಿಗೂ, ಅಂದರೆ ಪುರೋಹಿತನಿಗೂ, ಸಂಜೆಯ ತನಕ ಮೈಲಿಗೆ! ಇದು ಪಾಪವಲ್ಲ. ಹೆತ್ತು, ಹೂತು, ಸಂಸಾರ ಮಾಡುವ ಎಲ್ಲರಿಗೂ ಬರುವಂಥದ್ದು. ಬರುತ್ತದೆ, ಹೋಗುತ್ತದೆ. ಒಂದು ಕುಲವೇ ಹುಟ್ಟಿನಿಂದ ಮೈಲಿಗೆ ಅನ್ನುವ ಮಾತು ಈ ಅಧ್ಯಾಯಗಳಲ್ಲಿ ಎಲ್ಲಿದೆ? ತೋರಿಸಿ. ಅಂಬೇಡ್ಕರ್ 1948ರಲ್ಲೇ ಈ ವ್ಯತ್ಯಾಸವನ್ನು ಬಿಡಿಸಿ ಬರೆದರು: ಹಳೆಯ ಸಮಾಜಗಳ ಮೈಲಿಗೆ ಶುದ್ಧಿ ಮಾಡಿಕೊಂಡರೆ ಕಳೆಯುತ್ತಿತ್ತು, ನಮ್ಮ ಅಸ್ಪೃಶ್ಯತೆ ತಲೆಮಾರು ದಾಟಿದರೂ ಕಳೆಯುವುದಿಲ್ಲ.

"ಕುಷ್ಠ ಬಂದವರನ್ನು ಪಾಳೆಯದ ಹೊರಗೆ ಇಡುತ್ತಿದ್ದರಲ್ಲ?" ಅಂತ ಪಕ್ಕದಲ್ಲಿದ್ದವರು ಕೇಳಿದರು. ಹೌದು, ಇಸ್ರಾಯೇಲ್ಯರು ಬೀಡುಬಿಟ್ಟಿದ್ದ ಜಾಗದಿಂದ ಆಚೆ ಇಡುತ್ತಿದ್ದರು. ಬಟ್ಟೆ ಹರಿದುಕೊಂಡು, ತಲೆ ಕೆದರಿಕೊಂಡು, ಬಾಯಿ ಮುಚ್ಚಿಕೊಂಡು "ಅಶುದ್ಧ, ಅಶುದ್ಧ" ಎಂದು ಅವರೇ ಕೂಗಬೇಕಿತ್ತು. ಓದುವಾಗ ಸಂಕಟವಾಗುತ್ತದೆ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮುಂದಿನ ಅಧ್ಯಾಯವನ್ನೂ ಓದಿ. ವಾಸಿಯಾಗಿದೆಯಾ ಅಂತ ನೋಡಲು ಯಾಜಕನೇ ಪಾಳೆಯ ದಾಟಿ ಅವನ ಹತ್ತಿರ ಹೋಗುತ್ತಾನೆ. ಎರಡು ಹಕ್ಕಿ ತರಿಸುತ್ತಾನೆ. ಒರತೆ ನೀರಿನ ಮಣ್ಣಿನ ಪಾತ್ರೆಯ ಮೇಲೆ ಒಂದನ್ನು ಕೊಯ್ಯಿಸುತ್ತಾನೆ, ಇನ್ನೊಂದನ್ನು ಆ ರಕ್ತದಲ್ಲಿ ಅದ್ದಿ ಬಯಲಿಗೆ ಹಾರಬಿಡುತ್ತಾನೆ. 8ನೇ ದಿನ ಕುರಿಮರಿಯ ರಕ್ತವನ್ನು ಅವನ ಬಲಗಿವಿಯ ತುದಿಗೆ, ಬಲಗೈ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ಹಚ್ಚುತ್ತಾನೆ. ಮೊದಲ ಮಹಾಯಾಜಕ ಆರೋನನಿಗೆ ದೀಕ್ಷೆ ಕೊಡುವಾಗ ಇಸ್ರಾಯೇಲ್ಯರ ನಾಯಕ ಮೋಶೆ ರಕ್ತ ಹಚ್ಚಿದ್ದೂ ಇದೇ ಮೂರು ಜಾಗಕ್ಕೆ! ಮಹಾಯಾಜಕನ ಮೈಮೇಲಿದ್ದ ಗುರುತೇ ಊರ ಹೊರಗಿದ್ದವನ ಮೈಮೇಲೂ. ಬಡವನಾದರೆ ಮೂರು ಕುರಿ ಬೇಡ, ಒಂದು ಸಾಕು. ನಮ್ಮಲ್ಲಿ ಊರಾಚೆಯ ಕೇರಿಯವರನ್ನು ಹೀಗೆ ಒಳಗೆ ಕರೆದುಕೊಳ್ಳಲು ಯಾವ ವಿಧಿ ಇತ್ತು ಹೇಳಿ.

ಗಂಡು ಹೆತ್ತರೆ ಶುದ್ಧಿಯಾಗಲು 40 ದಿನ, ಹೆಣ್ಣು ಹೆತ್ತರೆ 80 ದಿನ ಅನ್ನುವುದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಯಾಜಕತನ ಆರೋನನ ವಂಶಕ್ಕೇ ಮೀಸಲು, ಅದೂ ನಿಜ. ಆದರೆ ಕಟ್ಟುಪಾಡು ಜಾಸ್ತಿ ಇದ್ದದ್ದೂ ಅವರಿಗೇ. ಅಪ್ಪ ಅಮ್ಮ ಸತ್ತರೂ ಮಹಾಯಾಜಕ ಹೆಣದ ಹತ್ತಿರ ಹೋಗುವಂತಿರಲಿಲ್ಲ.

ಇನ್ನು ಯಾಜಕಕಾಂಡದ 19ನೇ ಅಧ್ಯಾಯ. "ನೀವು ಪರಿಶುದ್ಧರಾಗಿರಬೇಕು" ಅನ್ನುವ ಮಾತನ್ನು ಅಲ್ಲಿ ಹೇಳಿರುವುದು ಯಾಜಕರಿಗಲ್ಲ, ಇಡೀ ಜನಕ್ಕೆ. ಪರಿಶುದ್ಧರಾಗಿ ಏನು ಮಾಡಬೇಕು? ಹೊಲದ ಅಂಚಿನ ಪೈರನ್ನು ಬಡವರಿಗೆ, ಪರದೇಶಿಗೆ ಬಿಡಬೇಕು. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು. ಕುರುಡನ ದಾರಿಗೆ ಕಲ್ಲು ಇಡಬಾರದು. ತಕ್ಕಡಿ, ತೂಕದ ಕಲ್ಲು ಸರಿ ಇರಬೇಕು. ನಮ್ಮ ನಡುವೆ ಬಂದು ನೆಲೆಸಿದ ಪರದೇಶಿಯನ್ನು ನಮ್ಮಂತೆಯೇ ಪ್ರೀತಿಸಬೇಕು. ಮತ್ತೆ, ಆ ಕೆಂದಾಕಳ ಬೂದಿಯ ನೀರಿನ ನಿಯಮ ಇಸ್ರಾಯೇಲ್ಯರಿಗೆ ಮಾತ್ರ ಅಲ್ಲ, ಅವರ ನಡುವೆ ಬದುಕುವ ಪರದೇಶಿಗೂ ಅನ್ವಯ ಅಂತ ಅರಣ್ಯಕಾಂಡದಲ್ಲಿ ನೇರವಾಗಿ ಬರೆದಿದೆ. ಅದೇ ನೀರು, ಅದೇ 7 ದಿನ.