ಅಳಿಸಿಹೋದ ಎಫ್

ಹೋದ ತಿಂಗಳು ಬೆಟಗೇರಿಯ ಒಂದು ಮೋಡ್ಕಾ (ಗುಜರಿ) ಅಂಗಡಿಗೆ ಹೋಗಿದ್ದೆ. ಬೇಕಾಗಿದ್ದದ್ದು ನೀರಿನ ಮೋಟಾರಿನ ಫ್ಯಾನ್ ಕವರ್. ಅದು ಸಿಗಲಿಲ್ಲ. ಹಳೇ ಸಿಪಿಯು ಡಬ್ಬಿಗಳ ಕೆಳಗೆ ಒಂದು ಕೀಬೋರ್ಡ್ ಕಾಣಿಸಿತು. ಬಿಳಿ ಬಣ್ಣದ್ದು, ಈಗ ಹಳದಿ. ಎಳೆದರೆ ಕೈಗೆ ಭಾರ ಬಂತು. ಸುಮ್ನೆ ಒಂದು ಕೀ ಒತ್ತಿದೆ. ಟಕ್ ಅಂತು.

ಟಿವಿಎಸ್ ಗೋಲ್ಡ್! ಡಿಟಿಪಿ ಮಾಡಿದವರಿಗೆ, ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರ್ ನೋಡಿದವರಿಗೆ ಈ ಸದ್ದು ಹೇಳಿಕೊಡಬೇಕಾಗಿಲ್ಲ.

ಆದರೆ ನಾನು ಅದನ್ನ ಕೊಂಡದ್ದು ಸದ್ದಿಗಲ್ಲ. ಎಫ್ ಕೀ ಮೇಲೆ ಎಫ್ ಇರಲಿಲ್ಲ. ಪೂರ್ತಿ ಬೋಳು. ಹಳೇ ಗುಡಿಯ ಹೊಸ್ತಿಲಿನ ಹಾಗೆ ಸವೆದು ನುಣ್ಣಗಾಗಿತ್ತು. ಬೆರಳಿಗೆ ಗುರುತು ಸಿಗಲಿ ಅಂತ ಆ ಕೀ ಮೇಲೆ ಸಣ್ಣ ಉಬ್ಬು ಗೆರೆ ಇರುತ್ತದಲ್ಲ, ಅದೂ ಹೆಚ್ಚುಕಡಿಮೆ ಹೋಗಿತ್ತು. ಮೇಲಿನ ಸಾಲಿನ ಇ ಮಾತ್ರ ಅಚ್ಚುಕಟ್ಟಾಗಿ ಕಾಣುತ್ತಿತ್ತು.

ಇಂಗ್ಲಿಷ್ ಹೊಡೆಯುವ ಕೀಬೋರ್ಡ್ ಹೀಗೆ ಸವೆಯೋದಿಲ್ಲ. ಇಂಗ್ಲಿಷಿನಲ್ಲಿ ನೂರು ಅಕ್ಷರಕ್ಕೆ ಇ ಸುಮಾರು 12 ಸಲ ಬಂದರೆ ಎಫ್ ಬರೋದು 2 ಸಲ. ಮೊದಲು ಅಳಿಸಬೇಕಾದದ್ದು ಇ. ಎಫ್ ಅಳಿಸಿದೆ ಅಂದರೆ ಇದರ ಮೇಲೆ ಯಾರೋ ವರ್ಷಗಟ್ಟಲೆ ಕನ್ನಡ ಹೊಡೆದಿದ್ದಾರೆ. ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುವವರಿಗೆ ಗೊತ್ತು, ಕೆ.ಪಿ. ರಾವ್ ಅವರು ರೂಪಿಸಿದ ಆ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ಎಫ್ ಬೇಕೇ ಬೇಕು. ಕೆ, ಎಫ್, ಕೆ ಒತ್ತಿದರೆ ಕ್ಕ. 26 ಕೀಗಳಲ್ಲೇ ಇಡೀ ಕನ್ನಡ ಕೂರಿಸಿದ್ದಾರೆ ಆ ಪುಣ್ಯಾತ್ಮ. ಅಲ್ಪಪ್ರಾಣ ಹಾಗೇ, ಮಹಾಪ್ರಾಣಕ್ಕೆ ಶಿಫ್ಟ್, ಒತ್ತಿಗೆ ಎಫ್.

ನಾನೂ ಆರು ವರ್ಷ ಗದಗಿನ ಒಂದು ಪ್ರೆಸ್ಸಿನಲ್ಲಿ ಆಪರೇಟರ್ ಆಗಿದ್ದವನು. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು, ನಿಮಗೆ ಗೊತ್ತಿರುತ್ತದೆ. ನಮಗೆ ಬರುತ್ತಿದ್ದದ್ದು ಮಾತ್ರ ಜಾಸ್ತಿ ಲಗ್ನಪತ್ರಿಕೆ, ಜಾತ್ರೆ ಹ್ಯಾಂಡ್‌ಬಿಲ್, ರಸೀದಿ ಪುಸ್ತಕ. ಲಗ್ನಪತ್ರಿಕೆ ಶುರುವಾಗೋದೇ ಶ್ರೀ ಅಂತ. ಶಿಫ್ಟ್ ಎಸ್, ಎಫ್, ಆರ್, ಶಿಫ್ಟ್ ಐ. ಆಮೇಲೆ ಪ್ರಸನ್ನ, ಅದರಲ್ಲಿ ಎರಡು ಎಫ್. ದೇವರ ಹೆಸರು ಬರುವಷ್ಟರಲ್ಲೇ ಎಡಗೈ ತೋರುಬೆರಳಿಗೆ ಕೆಲಸ ಶುರು. ಮಾಲೀಕರು ಹೊರಗೆ ಕಟಿಂಗ್ ಮಷೀನ್ ಹತ್ತಿರ ಕೂತಿರುತ್ತಿದ್ದರು. ಒಳಗೆ ಟಕಟಕ ನಿಂತರೆ ಸಾಕು, 'ಯಾಕೋ ತಮ್ಮಾ, ನಿದ್ದಿ ಹತ್ತೇನು?' ಅಂತ ಕೂಗುತ್ತಿದ್ದರು. ಸಿಸಿಟಿವಿ ಬೇಕಾಗಿರಲಿಲ್ಲ.

ಅಂಗಡಿಯವನು ಇನ್ನೂರು ಅಂದ. ನೂರೈವತ್ತಕ್ಕೆ ಕೊಟ್ಟ. 'ಏನ್ ಮಾಡ್ತೀರಿ ಅಣ್ಣಾರ ಇದನ್ನ ಒಯ್ದು? ವೈರಿನ್ಯಾಗ ತಾಮ್ರಾನೂ ಬಾಳ ಇಲ್ಲ' ಅಂತ ಕರುಣೆಯಿಂದ ನೋಡಿದ.

ಮನೆಗೆ ಬಂದು ನೋಡಿದರೆ ಪಿನ್ ಹಳೇ ಪಿಎಸ್/2 ನಮೂನೆಯದು, ನೇರಳೆ ಬಣ್ಣದ ದುಂಡನೆಯದು. ನನ್ನ ಲ್ಯಾಪ್‌ಟಾಪಿಗೆ ಹಾಕೋದು ಹೇಗೆ? ಅರವತ್ತು ರೂಪಾಯಿಗೆ ಒಂದು ಸಣ್ಣ ಯುಎಸ್‌ಬಿ ಪಿನ್ ತಂದೆ, ದಂಡ ಆಯ್ತು. ಅಂಥವು ಬರೀ ಪಿನ್ನಿನ ಆಕಾರ ಬದಲಿಸುತ್ತವೆ. ಕೀಬೋರ್ಡಿಗೇ ಪಿಎಸ್/2, ಯುಎಸ್‌ಬಿ ಎರಡೂ ಭಾಷೆ ಬರುತ್ತಿದ್ದರೆ ಮಾತ್ರ ನಡೆಯುತ್ತವೆ. ಇದಕ್ಕೆ ಬೇಕಾಗಿದ್ದದ್ದು ಒಳಗೆ ಚಿಪ್ ಇದ್ದು ಅನುವಾದ ಮಾಡಿಕೊಡುವ ಕನ್ವರ್ಟರ್. ಅದನ್ನ ಆನ್‌ಲೈನಿನಲ್ಲಿ ತರಿಸಿದೆ.

ಹಾಕಿ, ನುಡಿ ತೆರೆದು, ಗದಗ ಅಂತ ಹೊಡೆದೆ. ಸರಿಯಾಗಿ ಬಂತು. ಮೂರೇ ಕೀ, ಕಾಗುಣಿತ ಇಲ್ಲ, ಒತ್ತು ಇಲ್ಲ. ಇಂಥ ಊರಿನ ಹೆಸರು ಆಪರೇಟರಿಗೆ ಹಬ್ಬ. ಆಮೇಲೆ ಹುಬ್ಬಳ್ಳಿ ಹೊಡೆದೆ. ಬಂದದ್ದು: ಹುಬಬಳಳಿ.

ಎಫ್ ಸತ್ತಿತ್ತು. ಗಟ್ಟಿಯಾಗಿ ಒತ್ತಿದರೆ ಹತ್ತರಲ್ಲಿ ಒಂದು ಸಲ ಏಳುತ್ತಿತ್ತು.

ಕೀಗಳನ್ನೆಲ್ಲ ಒಂದೊಂದಾಗಿ ಎತ್ತಿದೆ. ಎತ್ತುವ ಮೊದಲು ಫೋಟೋ ತೆಗೆದುಕೊಂಡಿದ್ದೆ, ಇಲ್ಲದಿದ್ದರೆ ನಂಬರ್ ಪ್ಯಾಡಿನ ಹತ್ತಿರ ದಿಕ್ಕು ತಪ್ಪುತ್ತದೆ. ಸ್ಪೇಸ್ ಮತ್ತು ಎಂಟರ್ ಕೆಳಗೆ ಅಡ್ಡ ತಂತಿ ಇರುತ್ತದೆ. ಅವಸರ ಮಾಡಿದರೆ ಅದರ ಕೊಕ್ಕೆ ಮುರಿಯುತ್ತದೆ. ಒಳಗೆ ಇದ್ದದ್ದನ್ನ ಹೇಳಲೇಬೇಕು. ಸ್ಟೇಪ್ಲರ್ ಪಿನ್ನು, ಪಂಚಿಂಗ್ ಮಷೀನಿನಿಂದ ಬಿದ್ದ ಕಾಗದದ ಚುಕ್ಕೆಗಳು, ಚುರುಮುರಿ. ಎಲ್ಲಕ್ಕಿಂತ ಜಾಸ್ತಿ ಕುಂಕುಮ. ಎಸ್ಕೇಪ್ ಕೀ ಸುತ್ತ ತಗಡಿನ ಮೇಲೆ ಪದರ ಪದರವಾಗಿ ಕೂತಿತ್ತು, ಕೆಳಗಿನದು ಕಪ್ಪು, ಮೇಲಿನದು ಇನ್ನೂ ಕೆಂಪು. ಎಷ್ಟು ಆಯುಧ ಪೂಜೆ ಕಂಡಿದೆಯೋ.

ವಯಸ್ಸನ್ನ ಬೇರೆ ರೀತಿಯಲ್ಲಿ ಲೆಕ್ಕ ಹಾಕಿದೆ. ವಿಂಡೋಸ್ ಕೀ ಇದೆ, ಅಂದರೆ ವಿಂಡೋಸ್ 95ರ ನಂತರದ್ದು. ರೂಪಾಯಿ ಚಿಹ್ನೆ ಇಲ್ಲ. ಆ ಚಿಹ್ನೆ ಬಂದದ್ದು 2010ರಲ್ಲಿ. ಬಹುಶಃ ಈ ಎರಡರ ನಡುವೆ ಹುಟ್ಟಿದ್ದು.

ಕೀಗಳನ್ನ ಸರ್ಫ್ ಹಾಕಿದ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿಟ್ಟು ಸ್ವಿಚ್ ನೋಡಿದೆ. ಪ್ರತಿ ಕೀಗೂ ಬೇರೆ ಬೇರೆ ಸ್ವಿಚ್, ನಡುವೆ ನೀಲಿ ಬಣ್ಣದ ಕೂಡು ಚಿಹ್ನೆಯಂಥ ಕಡ್ಡಿ. ಜರ್ಮನಿಯ ಚೆರ್ರಿ ಕಂಪನಿಯ ನೀಲಿ ಸ್ವಿಚ್ ಇವು. ಒಳಗೆ ಒಂದು ಸ್ಪ್ರಿಂಗು, ಎರಡು ಸಣ್ಣ ಲೋಹದ ಎಲೆ. ಕೀ ಸುಮಾರು 2 ಮಿಲಿಮೀಟರ್ ಇಳಿಯುವಷ್ಟರಲ್ಲೇ ಎಲೆಗಳು ಕೂಡಿ ಅಕ್ಷರ ಬೀಳುತ್ತದೆ, ತಳ ಮುಟ್ಟಬೇಕಿಲ್ಲ. ಒಂದು ಸ್ವಿಚ್ಚಿನ ಆಯುಷ್ಯ 5 ಕೋಟಿ ಒತ್ತು ಅಂತ ಕಂಪನಿಯ ಲೆಕ್ಕ. ನಮ್ಮ ಎಫ್ ಅಷ್ಟು ಒತ್ತು ಕಂಡಿರಲಿಕ್ಕಿಲ್ಲ, ಗದಗಿನ ಧೂಳು ಕಂಡಿದೆ.

ಸ್ವಿಚ್ಚಿನೊಳಗೆ ಎರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ನೂರು ಸಲ ಒತ್ತಿದೆ. ಎರಡು ದಿನ ಬದುಕಿತು, ಮತ್ತೆ ಹುಬಬಳಳಿ. ಕೊನೆಗೆ ಟಿವಿ ರಿಪೇರಿ ಮಾಡುವ ನಮ್ಮ ದೋಸ್ತನ ಹತ್ತಿರ ಒಯ್ದೆ. ಹೊಸ ಸ್ವಿಚ್ ತರಿಸೋಣವಾ ಅಂದೆ. ಅವನು ಕೀಬೋರ್ಡನ್ನ ಒಂದು ಸಲ ಎಡದಿಂದ ಬಲಕ್ಕೆ ನೋಡಿದ.

'ಈ ಸ್ಕ್ರೋಲ್ ಲಾಕ್ ಯಾರರ ಒತ್ತತಾರೇನು?'

'ನಾ ಅಂತೂ ಒತ್ತಿಲ್ಲ.'

'ಮತ್ತ? ಅದನ್ನ ಕಿತ್ತು ಇಲ್ಲಿ ಹಾಕೂಣು. ಇದನ್ನ ಅಲ್ಲಿ ಕುಂದ್ರಸೂಣು, ಪಿಂಚಣಿ ತಗೋತ ಕುಂದರ್ಲಿ.'

ಹಿಂದೆ ಎರಡೆರಡು ಕಾಲು, ಎರಡೆರಡು ಬೆಸುಗೆ. ಐರನ್ ಇಟ್ಟು ಸೀಸ ಕರಗಿಸಿ, ಸಕ್ಕರ್‌ನಿಂದ ಎಳೆದು, ತಗಡಿನಿಂದ ಸ್ವಿಚ್ ಚಿವುಟಿ ಎತ್ತಿ, ಅದಲು ಬದಲು ಮಾಡಿದ. ಇಷ್ಟು ವರ್ಷ ಯಾರೂ ಮುಟ್ಟದ ಸ್ವಿಚ್ಚಿಗೆ ಕನ್ನಡದ ಎಲ್ಲಾ ಒತ್ತುಗಳ ಭಾರ ಬಿತ್ತು. ಹುಬ್ಬಳ್ಳಿ ಹುಬ್ಬಳ್ಳಿಯಾಯಿತು. ದುಡ್ಡು ತಗೊಳ್ಳಲಿಲ್ಲ, ಮಿರ್ಚಿ ತಿನ್ನಿಸಿದೆ.

ಇಲ್ಲಿಗೆ ಸುಮ್ಮನಿರಬೇಕಿತ್ತು. ಇರಲಿಲ್ಲ. ಹಳದಿ ಬಣ್ಣ ತೆಗೆಯೋದು ಹೇಗೆ ಅಂತ ಯೂಟ್ಯೂಬ್ ನೋಡಿದೆ. ಬೆಂಕಿ ಹತ್ತದಿರಲಿ ಅಂತ ಹಳೇ ಪ್ಲಾಸ್ಟಿಕ್ಕಿಗೆ ಬ್ರೋಮಿನ್ ಸೇರಿಸುತ್ತಿದ್ದರಂತೆ, ಬಿಸಿಲು ಬಿದ್ದು ಬಿದ್ದು ಹಳದಿಯಾಗುವುದಕ್ಕೆ ಅದೂ ಒಂದು ಕಾರಣ. ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮ್ ಹಚ್ಚಿ ಬಿಸಿಲಿಗಿಟ್ಟರೆ ಬಿಳಿಯಾಗುತ್ತದೆ. ಸಲೂನಿನವರು ಕೂದಲಿಗೆ ಬಳಸುವ ಕ್ರೀಮ್ ಸಿಕ್ಕಿತು. ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ. ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಮಾಳಿಗೆ ಮೇಲಿಟ್ಟು ಊಟಕ್ಕೆ ಇಳಿದೆ, ಕಣ್ಣು ಹತ್ತಿತು. ಎದ್ದು ನೋಡಿದರೆ ಕ್ರೀಮ್ ಅಲ್ಲಲ್ಲಿ ಒಣಗಿ ಮೇಲಿನ ಕವಚ ತೊನ್ನು ಹತ್ತಿದ ಹಾಗೆ ಆಗಿತ್ತು. 'ಇದ್ದದ್ದ ಚಂದಿತ್ತಲ್ರೀ' ಅಂದಳು ನನ್ನ ಹೆಂಡತಿ. ನಿಜವೇ.

ಬೆಂಗಳೂರಿನಿಂದ ಬಂದ ಅಕ್ಕನ ಮಗ ಇದನ್ನ ನೋಡಿ, 'ಮಾಮಾ, ಹೊಸ ಕೀಕ್ಯಾಪ್ ಸೆಟ್ ತರಿಸ್ತೀನಿ, ಬಣ್ಣಬಣ್ಣದ್ದು' ಅಂದ. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಬೇಡ ಅಂದೆ. ಅವನಿಗೆ ಬೇಜಾರಾಯಿತು, ನನಗೆ ಅಲ್ಲೇ ಸರಿಯಾಗಿ ವಿವರಿಸಲಿಕ್ಕೆ ಆಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹಳೇ ಸಾಮಾನು ರಿಪೇರಿ ಅಂದರೆ ಅದನ್ನ ಶೋರೂಮಿನಿಂದ ಬಂದ ಹಾಗೆ ಮಾಡೋದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ವಿಡಿಯೋಗಳಲ್ಲಿ ಅದೇ ಇರುತ್ತದೆ, ಮೊದಲು ಹೊಲಸು, ಆಮೇಲೆ ಫಳಫಳ. ನನ್ನ ಪ್ರಕಾರ ಕೆಟ್ಟದ್ದು ಬೇರೆ, ಸವೆದದ್ದು ಬೇರೆ. ಸ್ವಿಚ್ ಕೆಟ್ಟಿತ್ತು, ಬದಲಿಸಿದೆ. ಧೂಳು ಕೂತಿತ್ತು, ತೊಳೆದೆ. ಎಫ್ ಕೆಟ್ಟಿಲ್ಲ, ಸವೆದಿದೆ. ಈ ಕೀಬೋರ್ಡಿನಲ್ಲಿ ಕನ್ನಡ ಅಂತ ಎಲ್ಲೂ ಅಚ್ಚಾಗಿಲ್ಲ. ಅದು ಕನ್ನಡದ್ದು ಅಂತ ಗೊತ್ತಾಗುವುದು ಆ ಬೋಳು ಎಫ್‌ನಿಂದಲೇ. ಅದನ್ನ ಕಿತ್ತು ಹೊಸದು ಹಾಕಿದರೆ ಸಾವಿರಾರು ಟಿವಿಎಸ್ ಗೋಲ್ಡ್‌ಗಳಲ್ಲಿ ಇದೂ ಒಂದಾಗುತ್ತದೆ. ಕುಂಕುಮ ತೊಳೆದದ್ದಕ್ಕೂ ಈಗ ಸ್ವಲ್ಪ ಪಶ್ಚಾತ್ತಾಪ ಇದೆ, ಆದರೆ ಅದು ಸ್ವಿಚ್ಚಿನೊಳಗೆ ಇಳಿಯುತ್ತಿತ್ತು, ಬೇರೆ ದಾರಿ ಇರಲಿಲ್ಲ.

ಹಳೇದೆಲ್ಲ ಚಿನ್ನ ಅಂತ ಹೇಳುತ್ತಿಲ್ಲ. ರಾತ್ರಿ ಹತ್ತರ ಮೇಲೆ ಇದರಲ್ಲಿ ಟೈಪ್ ಮಾಡಿದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಮೊಬೈಲಿನಲ್ಲಿ ಮಾತಾಡಿದರೆ ಅದೇ ಕನ್ನಡ ಬರೆದುಕೊಳ್ಳುತ್ತದೆ, ನಾನೂ ಬಳಸುತ್ತೇನೆ. ಆದರೆ ಹೋದ ವರ್ಷ ನನ್ನ ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು ಕೀ ಕೈಕೊಟ್ಟಾಗ ಪೂರ್ತಿ ಕೀಬೋರ್ಡ್ ಬದಲಿಸಬೇಕು, 3,000 ಆಗುತ್ತದೆ ಅಂದಿದ್ದರು. ಸ್ಕ್ರೋಲ್ ಲಾಕಿನಿಂದ ಸಾಲ ಪಡೆಯುವ ಸೌಲಭ್ಯ ಅದರಲ್ಲಿಲ್ಲ.

ಇನ್ನೊಂದು ವಿಷಯ, ಗದಗ ಬೆಟಗೇರಿಯವರು ಗಮನಿಸಿ. ಕೀಬೋರ್ಡಿನ ಬೆನ್ನಿಗೆ ಕೆಂಪು ಪೇಂಟಿನಲ್ಲಿ 3 ಅಂತ ಬರೆದಿದೆ. ಅಂದರೆ ಇದು ಮೊದಲು ಇದ್ದ ಪ್ರೆಸ್ಸಿನಲ್ಲಿ ಕಡಿಮೆ ಅಂದರೂ ಮೂರು ಕಂಪ್ಯೂಟರ್ ಇದ್ದವು. ಸ್ಪೇಸ್ ಬಾರ್‌ನ ಎಡಭಾಗ ಮಾತ್ರ ಹೊಳೆಯುತ್ತದೆ, ಬಲಭಾಗ ಹೊಸದರ ಹಾಗಿದೆ. ಎಡಗೈ ಹೆಬ್ಬೆರಳಿನಿಂದ ಸ್ಪೇಸ್ ಹೊಡೆಯುತ್ತಿದ್ದ, ಮೂರನೇ ನಂಬರಿನ ಮಷೀನಿನಲ್ಲಿ ಕೂರುತ್ತಿದ್ದ ಆಪರೇಟರ್ ನೀವೇ ಆಗಿದ್ದರೆ ಅಥವಾ ನಿಮಗೆ ಗೊತ್ತಿದ್ದರೆ ಒಂದು ಮೆಸೇಜ್ ಹಾಕಿ. ಚಹಾ ನನ್ನದು.